ತಟ್ಟೆಯಲ್ಲಿ ಉಳಿದ ದನಿ

(ಬಾನುಲಿ ಭಾಷಣ)

ಕಳೆದ ಶ್ರಾವಣದ ಒಂದು ಸಂಜೆ. ಧಾರವಾಡದ ಜಿಟಿಜಿಟಿ ಮಳೆಯನ್ನು ನಾನು ವರ್ಣಿಸಬೇಕಾಗಿಲ್ಲ. ಕಾಲೇಜಿನಲ್ಲಿ ಓದುವ ವಯಸ್ಸಿನ ಹುಡುಗಿಯೊಬ್ಬಳು ನಮ್ಮ ಪಡಸಾಲೆಗೆ ಬಂದು ನಿಂತಳು. “ಸರ್, ನಮ್ಮ ಆಯೀ ಹಾಡು ನಿಮ್ಮ ಹತ್ರ ಅದಾವಂತಲ್ರಿ. ಒಮ್ಮೆ ಕೇಳಸ್ರಿ” ಎಂದಳು.

ಆಕೆಯ ಆಯಿಯನ್ನು ನಾನು ಮರೆತಿರಲಿಲ್ಲ. 2003ರಲ್ಲಿ, ನಾನಿನ್ನೂ ಪಾಠ ಹೇಳುತ್ತಿದ್ದ ಕಾಲದಲ್ಲಿ, ಇಲ್ಲಿಂದ ಎರಡು ಹರದಾರಿ ದೂರದ ಹಳ್ಳಿಯೊಂದರಲ್ಲಿ ಆ ಮುದುಕಿ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ್ದಳು. ನಾನು ಕ್ಯಾಸೆಟ್ಟಿನಲ್ಲಿ ತುಂಬಿಕೊಂಡಿದ್ದೆ. ಮುಂದೆ ಮನೆಗೆ ಗಣಕಯಂತ್ರ ಬಂದಿತು. ಹಾಡುಗಳನ್ನೂ, ಅವುಗಳ ಬರಹರೂಪವನ್ನೂ, ಅರ್ಧ ಮುಗಿದ ನನ್ನ ಲೇಖನಗಳನ್ನೂ ಮೂರು ಸಿ.ಡಿ.ಗಳಿಗೆ ಇಳಿಸಿದೆ. ಇನ್ನು ಇವು ಶಾಶ್ವತವೆಂದು ನಂಬಿ ಕ್ಯಾಸೆಟ್ಟುಗಳನ್ನು ಗುಜರಿಯವನಿಗೆ ಕೊಟ್ಟುಬಿಟ್ಟೆ. ಮುದುಕಿ ತೀರಿಕೊಂಡು ಈಗ ಹತ್ತು ವರ್ಷ.

ಕಪಾಟಿನಿಂದ ಸಿ.ಡಿ.ಗಳನ್ನು ತೆಗೆದೆ. ಒಂದರ ಮೇಲೆ ನಾನೇ ಅಂಟಿಸಿದ್ದ ಚೀಟಿ ತೇವ ಹೀರಿ ಮುದುಡಿದ್ದಿತು. ಇನ್ನೊಂದರ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಹೆಸರು ಬರೆದಿದ್ದೆ. ಯಂತ್ರಕ್ಕೆ ಹಾಕಿದರೆ ಗರಗರ ಸದ್ದು ಮಾತ್ರ, ಹಾಡಿಲ್ಲ. ಆ ಮಗುವಿನ ಮುಖವನ್ನು ನೋಡುವ ಧೈರ್ಯ ನನಗಾಗಲಿಲ್ಲ.

ಅಂದಿನಿಂದ, ಕಾವ್ಯಮೀಮಾಂಸೆ ಓದಿದ ಈ ವಯಸ್ಸಿನಲ್ಲಿ, ತಟ್ಟೆಗಳ ಮೀಮಾಂಸೆಯನ್ನು ಓದತೊಡಗಿದೆ. ತಟ್ಟೆ ಎಂಬುದು ನಮಗೆ ಗ್ರಾಮಫೋನಿನ ಕಾಲದ ಮಾತು. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಹಾಡಿದ ತಟ್ಟೆಗಳನ್ನು ಇಂದಿಗೂ ಕೇಳಬಹುದು. ಅಲ್ಲಿ ದನಿ ಗೆರೆಯಾಗಿ ಕೊರೆದು ನಿಂತಿದೆ. ಅಂಗಡಿಯಲ್ಲಿ ಕೊಳ್ಳುವ ಹಾಡಿನ ಸಿ.ಡಿ.ಯಲ್ಲಿಯೂ ಗುಳಿಗಳನ್ನು ಅಚ್ಚೊತ್ತಿರುತ್ತಾರೆ. ಆದರೆ ನಾವು ಮನೆಯಲ್ಲಿ ತುಂಬುವ ತಟ್ಟೆಯ ಸಂಗತಿ ಬೇರೆ. ಅದರೊಳಗೆ ಬಣ್ಣದ ಒಂದು ತೆಳುಪದರವಿದೆ. ಲೇಸರ್ ಕಿರಣ ಅದನ್ನು ಸುಟ್ಟು ಗುರುತು ಮಾಡುತ್ತದೆ. ಬಣ್ಣವೆಂದಮೇಲೆ ಮಾಸುವುದುಂಟು. ಬಿಸಿಲು, ಸೆಕೆ, ತೇವ ಈ ಮೂರೂ ಅದರ ವೈರಿಗಳು.

ಇನ್ನೊಂದು ಸಂಗತಿಯನ್ನು ನಾನು ತಿಳಿದದ್ದು ತಡವಾಗಿ. ಸಿ.ಡಿ.ಯ ಹೊಳೆಯುವ ಕೆಳಮೈಯನ್ನು ನಾವು ಜೋಪಾನ ಮಾಡುತ್ತೇವೆ. ಆದರೆ ಅದರ ಜೀವವಿರುವುದು ಹೆಸರು ಬರೆಯುವ ಮೇಲ್ಮೈಗೆ ತಾಗಿ, ತೆಳುವಾದ ಅರಗಿನಂಥ ಲೇಪದ ಕೆಳಗೆ. ಅಲ್ಲಿ ಪೆನ್ನು ಒತ್ತಿದರೆ ಬೆನ್ನಿಗೆ ಇರಿದಂತೆ. ಡಿ.ವಿ.ಡಿ.ಯಲ್ಲಿ ಎರಡು ಬಿಲ್ಲೆಗಳ ನಡುವೆ ಬರಹ ಅಡಗಿರುವುದರಿಂದ ಈ ಭಯ ಕಡಿಮೆ.

ಹಾಗಾದರೆ ಯಾವುದನ್ನು ಆರಿಸಬೇಕು? ಸಿ.ಡಿ.ಯಲ್ಲಿ ಹಿಡಿಸುವುದು 700 ಮೆಗಾಬೈಟ್, ಡಿ.ವಿ.ಡಿ.ಯಲ್ಲಿ 4.7 ಗಿಗಾಬೈಟ್, ಬ್ಲೂ-ರೇ ತಟ್ಟೆಯ ಒಂದು ಪದರದಲ್ಲಿ 25 ಗಿಗಾಬೈಟ್. ಅಳಿಸಿ ಬರೆಯುವ ತಟ್ಟೆ ದಿನಬಳಕೆಗೆ ಸರಿ, ಕಾಪಿಡುವುದಕ್ಕೆ ಬೇಡ. ಒಮ್ಮೆ ಮಾತ್ರ ಬರೆಯಬಹುದಾದದ್ದೇ ಲೇಸು. ಅದನ್ನು ಮೊಮ್ಮಗನ ಕೈತಪ್ಪಾಗಲಿ, ಗಣಕಯಂತ್ರದ ವೈರಸ್ಸಾಗಲಿ ಅಳಿಸಲಾರದು. ಪೆನ್‌ಡ್ರೈವಿಗೆ ಇಲ್ಲದ ಗುಣವಿದು. ಬೆಳ್ಳಿಗೆ ಬದಲು ಬಂಗಾರದ ಪದರವುಳ್ಳ ಸಿ.ಡಿ.ಗಳೂ ಉಂಟು, ಬೆಳ್ಳಿ ಗಾಳಿಯಲ್ಲಿರುವ ಗಂಧಕಕ್ಕೆ ಕಪ್ಪಾಗುತ್ತದೆ, ಬಂಗಾರ ಆಗುವುದಿಲ್ಲ. 2009ರಲ್ಲಿ ಎಂ-ಡಿಸ್ಕ್ ಎಂಬುದೊಂದು ಬಂದಿತು. ಅದರಲ್ಲಿ ಮಾಸುವ ಬಣ್ಣವಿಲ್ಲ, ಕಲ್ಲಿನಂಥ ಪದರವಿದೆ. ಸಾವಿರ ವರ್ಷ ಬಾಳುವುದೆಂದು ಮಾಡಿದವರ ಮಾತು. ಪರೀಕ್ಷಿಸಿ ನೋಡಲು ನಾನಂತೂ ಇರುವುದಿಲ್ಲ!

ತುಂಬುವಾಗ ಅತಿ ವೇಗ ಬೇಡ. ತುಂಬಿದ ಮೇಲೆ ಮೂಲದೊಂದಿಗೆ ತಾಳೆ ನೋಡಬೇಕು. ಹಸ್ತಪ್ರತಿ ಓದುವವರಿಗೆ ಈ ಕೆಲಸ ಹೊಸದಲ್ಲ. ಚೀಟಿ ಅಂಟಿಸಬಾರದು, ತಟ್ಟೆಗೆಂದೇ ಮಾಡಿದ ಮೆತ್ತನೆಯ ಮಾರ್ಕರಿನಿಂದ ಬರೆಯಬೇಕು. ಡಬ್ಬಿಯಲ್ಲಿಟ್ಟು, ಕತ್ತಲೆಯಲ್ಲಿ, ಒಣ ಜಾಗದಲ್ಲಿ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಬೇಕು. ಎರಡು ಬೇರೆ ಬೇರೆ ಕಂಪನಿಯ ತಟ್ಟೆಗಳಲ್ಲಿ ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಊರಿನ ಮಗಳ ಮನೆಯಲ್ಲಿ ಇರಿಸಬೇಕು.

ಇಷ್ಟೆಲ್ಲ ಮಾಡಿದರೂ ತಟ್ಟೆ ಉಳಿದರೆ ಸಾಲದು. ಅದನ್ನು ಓದುವ ಯಂತ್ರವೂ ಉಳಿಯಬೇಕು. ಈಗಿನ ಲ್ಯಾಪ್‌ಟಾಪುಗಳಲ್ಲಿ ತಟ್ಟೆ ಹಾಕುವ ಬಾಯಿಯೇ ಇರುವುದಿಲ್ಲ. ಸೋನಿ ಕಂಪನಿ 2025ರ ಫೆಬ್ರವರಿಯಲ್ಲಿ ಬ್ಲೂ-ರೇ ಖಾಲಿ ತಟ್ಟೆಗಳ ತಯಾರಿಕೆಯನ್ನೇ ನಿಲ್ಲಿಸಿತು. ನಮ್ಮ ಕನ್ನಡಕ್ಕಂತೂ ಇನ್ನೊಂದು ತೊಡಕು: ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತ ತೆರೆದರೆ ಅಕ್ಷರಗಳ ಬದಲು ಯಾವುದೋ ಚಿಹ್ನೆಗಳ ಸಂತೆ. ಅದನ್ನೂ ಕಾಲಕಾಲಕ್ಕೆ ಹೊಸ ರೂಪಕ್ಕೆ ಪರಿವರ್ತಿಸಿಕೊಳ್ಳಬೇಕು.

ಈ ಚಿಂತೆಯಲ್ಲಿದ್ದಾಗ ನನಗೆ ನೆನಪಾದವಳು ಗದಗಿನ ಸಮೀಪದ ಲಕ್ಕುಂಡಿಯ ಅತ್ತಿಮಬ್ಬೆ. ಹತ್ತನೆಯ ಶತಮಾನದಲ್ಲಿ ಆಕೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದನ್ನು ವಿದ್ಯಾರ್ಥಿಗಳಿಗೆ ಎಷ್ಟು ಸಲ ಹೇಳಿದ್ದೆನೋ! ಅದನ್ನು ಬರಿಯ ದಾನವೆಂದು ಹೇಳುತ್ತಿದ್ದೆ, ವಿವೇಕವೆಂದು ಹೇಳಿರಲಿಲ್ಲ. ತಾಳೆಗರಿಗೂ ಹುಳ ಹತ್ತುತ್ತದೆ, ಬೆಂಕಿ ತಗಲುತ್ತದೆ. ಬಾಳುವ ಗರಿ ಯಾವುದೆಂದು ಆಕೆ ಹುಡುಕುತ್ತ ಕೂಡಲಿಲ್ಲ, ಪ್ರತಿ ಮಾಡಿಸಿದಳು. ಶಾಂತಿಪುರಾಣ ಇಂದು ನಮ್ಮ ಕೈಯಲ್ಲಿದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯ ನಮಗೆ ಸಿಕ್ಕಿಲ್ಲ. ಆ ನಷ್ಟದ ಕಾರಣವನ್ನು ಸಾಧಿಸಿ ತೋರಿಸುವುದು ಕಷ್ಟ. ಪಾಠವನ್ನು ಕಲಿಯುವುದು ಕಷ್ಟವಲ್ಲ. ನಾನು ತಟ್ಟೆಯನ್ನು ನಂಬಿ ಪ್ರತಿಯನ್ನು ಮರೆತೆ. ಒಳ್ಳೆಯ ತಟ್ಟೆ ಮುಂದಿನ ಪ್ರತಿ ಮಾಡುವವರೆಗೆ ಸಿಕ್ಕುವ ಕಾಲಾವಕಾಶ, ಅಷ್ಟೆ.

ಹುಡುಗಿಯ ಕಥೆ ಹೇಳಿ ಮುಗಿಸುತ್ತೇನೆ. ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಅಂಗಡಿಯೊಂದರಲ್ಲಿ ಹಳೆಯ ಡ್ರೈವುಗಳನ್ನು ಇಟ್ಟುಕೊಂಡಿದ್ದ ತರುಣನೊಬ್ಬ ಸಿಕ್ಕಿದ. ಎರಡು ತಟ್ಟೆಗಳು ಅವನಿಗೂ ಬಗ್ಗಲಿಲ್ಲ. ಮೂರನೆಯದರಿಂದ ಒಂದೇ ಒಂದು ಹಾಡು ಹೊರಬಂದಿತು. ನಾಲ್ಕು ನಿಮಿಷದ್ದು, ಹಿಂದೆ ಕಲ್ಲಿನ ಗರಗರ, ನಡುವೆ ಮುದುಕಿಯ ಕೆಮ್ಮು. ಹುಡುಗಿ ಕಣ್ಣೊರೆಸಿಕೊಂಡು ಎರಡು ಸಲ ಕೇಳಿದಳು. ನಾನು ಎರಡು ಹೊಸ ತಟ್ಟೆಗಳಿಗೆ ಅದನ್ನು ಇಳಿಸಿ, ಒಂದನ್ನು ಆಕೆಗೆ ಕೊಟ್ಟು, ಹೇಗೆ ಕಾಪಿಡಬೇಕೆಂದು ಉಪದೇಶ ಮಾಡತೊಡಗಿದೆ. ಅಷ್ಟರಲ್ಲಿ ಆಕೆ ತನ್ನ ಮೊಬೈಲಿನಿಂದ ಅದೇ ಹಾಡನ್ನು ಅತ್ತೆ, ಸೋದರಮಾವ, ದೊಡ್ಡಪ್ಪನ ಮಕ್ಕಳು, ಹೀಗೆ ನಂಟರಿಷ್ಟರಿಗೆಲ್ಲ ಕಳಿಸಿಯಾಗಿತ್ತು. ಉಪದೇಶವನ್ನು ಅಲ್ಲಿಗೇ ನಿಲ್ಲಿಸಿದೆ.