ನಿಂತ ಯಂತ್ರಕ್ಕೆ ಬೈಯಬೇಡಿ
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



1905ರಲ್ಲಿ ನೆರೆಯ ಗದಗಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಜನರ ನಂಬಿಕೆಯ ಮೇಲೆ. ಇಂದು ವಹಿಯ ಜಾಗಕ್ಕೆ ಗಣಕಯಂತ್ರ ಬಂದಿದೆ. ನಂಬಿಕೆ ಮಾತ್ರ ಕೆಡಬಾರದು. ಆದ್ದರಿಂದ ನಮ್ಮ ಸಂಘದ ಹಳೆಯ ಲೆಕ್ಕದ ಪ್ರೋಗ್ರಾಮು ಕಲಿಸಿದ ಮೂರು ಪಾಠಗಳನ್ನು ತಮ್ಮ ಮುಂದೆ ಇಡುತ್ತೇವೆ.

ಅದನ್ನು ನಾವು ಬರೆದದ್ದು ಟರ್ಬೊ ಪ್ಯಾಸ್ಕಲ್‌ನಲ್ಲಿ. ಪ್ಯಾಸ್ಕಲ್ ಎಂಬುದು ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ ಅವರು 1970ರಲ್ಲಿ ರೂಪಿಸಿದ ಭಾಷೆ. ನಾವು ಬರೆದ ಸಾಲುಗಳನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸುವುದಕ್ಕೆ ಕಂಪೈಲರ್ ಅಂತಾರೆ.

ಮೊದಲನೆಯ ಪಾಠ. ಒಂದು ಸಾಲಿನ ಕೊನೆಗೆ ಅರ್ಧವಿರಾಮ ಬಿಟ್ಟರೆ ಕಂಪೈಲರ್ ಮುಂದಿನ ಸಾಲಿಗೆ ಬೆರಳು ತೋರಿಸುತ್ತದೆ. ಆ ಸಾಲನ್ನೇ ತಿದ್ದುತ್ತ ನಾವು ಒಂದು ಸಂಜೆ ಕಳೆದೆವು. ತಪ್ಪು ಮೇಲಿನ ಸಾಲಿನಾಗ ಇತ್ತು ನೋಡ್ರಿ!

ಎರಡನೆಯದು. ಹೊಸ ಯಂತ್ರ ತಂದ ದಿನ ಪ್ರೋಗ್ರಾಮು ಏಳಲೇ ಇಲ್ಲ. 'ರನ್‌ಟೈಮ್ ಎರರ್ 200', ಅಂದರೆ ಸೊನ್ನೆಯಿಂದ ಭಾಗಾಕಾರ ಆಗಿದೆ ಎಂದಿತು. ಎಷ್ಟು ಹುಡುಕಿದರೂ ನಮ್ಮ ಲೆಕ್ಕದಲ್ಲಿ ಅಂಥದ್ದು ಸಿಗಲಿಲ್ಲ. ಟರ್ಬೊ ಪ್ಯಾಸ್ಕಲ್ ಜೊತೆಗೇ ಬರುವ ಸಿಆರ್‌ಟಿ ಎಂಬ ಭಾಗವು ಆರಂಭದಲ್ಲೇ ಯಂತ್ರದ ವೇಗ ಅಳೆದು, ಆ ಸಂಖ್ಯೆಯನ್ನು 55ರಿಂದ ಭಾಗಿಸುತ್ತದೆ. ವೇಗದ ಯಂತ್ರದಲ್ಲಿ ಉತ್ತರ 65,535 ದಾಟಿ, ಇಟ್ಟ ಜಾಗದಲ್ಲಿ ಹಿಡಿಸುವುದಿಲ್ಲ. ಸೇರಿನೊಳಗ ಚೀಲದ ಭತ್ತ ಸುರಿದಂಗ. ಅದಕ್ಕೂ ಯಂತ್ರ ಸೊನ್ನೆಯ ಭಾಗಾಕಾರ ಎಂದೇ ಕೂಗುತ್ತದೆ. ತಿದ್ದಿದ ಸಿಆರ್‌ಟಿ ಸೇರಿಸಿ ಮತ್ತೆ ಕಂಪೈಲ್ ಮಾಡಿದ ಮೇಲೆ ಪ್ರೋಗ್ರಾಮು ನಡೆಯಿತು.

ಈ ಎರಡರಲ್ಲೂ ಯಂತ್ರ ನಿಂತಿತು, ಸದಸ್ಯರಿಗೆ ನಷ್ಟವಾಗಲಿಲ್ಲ. ಮೂರನೆಯದರಲ್ಲಿ ನಿಲ್ಲಲಿಲ್ಲ. 30,000 ರೂಪಾಯಿ ಠೇವಣಿ ಇದ್ದ ಸದಸ್ಯರೊಬ್ಬರು ಮತ್ತೆ 5,000 ಜಮಾ ಮಾಡಿದರು. ಖಾತೆ ತೋರಿಸಿದ್ದು ಋಣ 30,536! ದುಡ್ಡು ಇಟ್ಟವರೇ ಸಾಲಗಾರರಾದರು. ನಾವು ಶಿಲ್ಕಿಗೆ ಕೊಟ್ಟ 'ಇಂಟಿಜರ್' ಎಂಬ ಜಾಗದಲ್ಲಿ 32,767ರವರೆಗೆ ಮಾತ್ರ ಹಿಡಿಸುತ್ತದೆ. ಅದನ್ನು ಮೀರಿದರೆ ಸಂಖ್ಯೆ ತಿರುಗಿ ಋಣದ ಕಡೆ ಬೀಳುತ್ತದೆ. ಮಿತಿ ಮೀರಿದರೆ ನಿಲ್ಲು ಎಂಬ ತಪಾಸಣೆ ಅದರಲ್ಲಿದೆ. ಆದರೆ ನಾವೇ ಹಚ್ಚದಿದ್ದರೆ ಅದು ಸುಮ್ಮನಿರುತ್ತದೆ. ನಾವು ಹಚ್ಚಿರಲಿಲ್ಲ. ತಪ್ಪು ನಮ್ಮದೇ.

ಕೈಯಿಂದ ಬರೆದ ಕಿರ್ದಿ ಇತ್ತು, ತಾಳೆ ನೋಡಿದಾಗ ಸಿಕ್ಕಿತು. ಆಮೇಲೆ 214 ಕೋಟಿಗೂ ಮಿಕ್ಕಿ ಹಿಡಿಸುವ 'ಲಾಂಗ್‌ಇಂಟ್' ಹಾಕಿ, ತಪಾಸಣೆಯನ್ನೂ ಹಚ್ಚಿದೆವು. ಆ ಹಿರಿಯರ ಕ್ಷಮೆ ಕೇಳಿದೆವು. ಅವರು ನಕ್ಕು, "ನಿಮ್ಮ ಯಂತ್ರಕ್ಕೂ ಒಬ್ಬ ಆಡಿಟರ್ ಬೇಕ್ರೆಪಾ" ಎಂದರು.

2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಸಂಘಗಳ ಹಳೆಯ ಲೆಕ್ಕ ಹೊಸ ಯಂತ್ರಕ್ಕೆ ಏರುವಾಗ ಕಾರ್ಯದರ್ಶಿಗಳು ಪ್ರತಿ ಶಿಲ್ಕನ್ನೂ ತಾಳೆ ನೋಡಬೇಕು. ಸದಸ್ಯರು ತಮ್ಮ ಪಾಸ್‌ಬುಕ್ಕು ತಂದು ತೋರಿಸಬೇಕು. ನಿಂತ ಯಂತ್ರಕ್ಕೆ ಬೈಯಬೇಡಿ. ನಿಲ್ಲದೆ ತಪ್ಪು ಲೆಕ್ಕ ಕೊಡುವ ಯಂತ್ರಕ್ಕೆ ಅಂಜಬೇಕು.

 ಜೈ ಸಹಕಾರ.