ಪಂದ್ಯ ಎಷ್ಟು ಹೊತ್ತಿಗೆ ಮುಗಿದೀತು?

ಪಂದ್ಯ ನೋಡುವವರು ‘ಯಾರು ಗೆಲ್ಲುತ್ತಾರೆ?’ ಎಂದು ಕೇಳುತ್ತಾರೆ. ಅದನ್ನು ಟೀವಿಯಲ್ಲಿ ತೋರಿಸುವ ನಮ್ಮಂಥವರ ಪ್ರಶ್ನೆ ಬೇರೆ: ‘ಎಷ್ಟು ಹೊತ್ತಿಗೆ ಮುಗಿಯುತ್ತದೆ?’ ಶಿವಮೊಗ್ಗದಲ್ಲಿ ಆಟ ನೋಡಿ ಭದ್ರಾವತಿಯ ಕೊನೆಯ ಬಸ್ಸು ಹಿಡಿಯಬೇಕಾದವರಿಗೂ ಇದು ಹೊಸ ಪ್ರಶ್ನೆಯಲ್ಲ.

ಕೆಲವು ವರ್ಷಗಳ ಹಿಂದೆ ಭದ್ರಾವತಿಯಲ್ಲಿ ಹುಡುಗಿಯರ ವಾಲಿಬಾಲ್ ಫೈನಲ್ ಚಿತ್ರೀಕರಣಕ್ಕೆ ಹೋಗಿದ್ದೆ. ಐದರಲ್ಲಿ ಮೂರು ಸೆಟ್ ಗೆದ್ದವರಿಗೆ ಜಯ. ತಂಡಗಳು ಸಮಬಲದವು. ಸರಾಸರಿ ನಾಲ್ಕು ಸೆಟ್ ಎಂದು ಲೆಕ್ಕ ಹಾಕಿ, ಅಷ್ಟಕ್ಕೇ ಬ್ಯಾಟರಿ ಒಯ್ದಿದ್ದೆ. ಐದನೆಯ ಸೆಟ್ಟಿನ ನಡುವೆ ಕ್ಯಾಮೆರಾ ನಿಂತುಹೋಯಿತು. ಗೆದ್ದ ತಂಡದ ಹುಡುಗಿಯೊಬ್ಬಳು ಬಂದು, “ಸಾರ್, ನಮ್ಮ ಕೊನೇ ಪಾಯಿಂಟ್ ತೋರಿಸ್ತೀರಾ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ತಪ್ಪಿದ್ದೆಲ್ಲಿ? ಸಮಬಲದ ತಂಡಗಳ ಒಂದೊಂದು ಸೆಟ್ಟನ್ನೂ ನಾಣ್ಯ ಚಿಮ್ಮಿದಂತೆ ಎಂದುಕೊಳ್ಳಿ. ಅಂಥ ಎಂಟು ಪಂದ್ಯಗಳಲ್ಲಿ ಸುಮಾರು ಎರಡು ಮೂರೇ ಸೆಟ್ಟಿಗೆ, ಮೂರು ನಾಲ್ಕು ಸೆಟ್ಟಿಗೆ, ಉಳಿದ ಮೂರು ಐದು ಸೆಟ್ಟಿಗೆ ಮುಗಿಯುತ್ತವೆ. ಸರಾಸರಿ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು, ನಿಜ. ಆದರೆ ಎಂಟರಲ್ಲಿ ಮೂರು ಸಲ ನನ್ನ ಬ್ಯಾಟರಿ ಸಾಲದು! ಸರಾಸರಿ ಸರಿಯಾಗಿತ್ತು, ಅದನ್ನೇ ನಂಬಿ ಹೊರಟದ್ದು ತಪ್ಪು.

ಆದ್ದರಿಂದ ಮೊದಲು ಕೇಳಬೇಕಾದ್ದು, ‘ಈ ಆಟ ಯಾವ ನಿಯಮದಿಂದ ಮುಗಿಯುತ್ತದೆ?’ ಎಂದು. ಕೆಲವನ್ನು ಗಡಿಯಾರ ಮುಗಿಸುತ್ತದೆ. 2024ರ ಜನವರಿಯಲ್ಲಿ ಶಿವಮೊಗ್ಗದ ನವುಲೆ ಮೈದಾನದಲ್ಲಿ ಕೂಚ್ ಬೆಹಾರ್ ಟ್ರೋಫಿ ಫೈನಲ್ ನಡೆಯಿತು. ಮುಂಬೈ 380 ರನ್ ಮಾಡಿತು. ಕರ್ನಾಟಕ 8 ವಿಕೆಟ್‌ಗೆ 890 ರನ್ ಪೇರಿಸಿತು. ಪ್ರಖರ್ ಚತುರ್ವೇದಿ ಔಟಾಗದೆ 404. ರನ್ ಎಷ್ಟೇ ಬೆಳೆದರೂ ಆಟದ ದಿನಗಳು ಬೆಳೆಯಲಿಲ್ಲ. ಪಂದ್ಯ ಡ್ರಾ ಆಯಿತು. ಮೊದಲ ಇನ್ನಿಂಗ್ಸ್‌ನ ಮುನ್ನಡೆಯಿಂದ ಟ್ರೋಫಿ ಕರ್ನಾಟಕಕ್ಕೆ ಬಂತು. ಗಡಿಯಾರವೇ ಇಲ್ಲದಿದ್ದರೆ? 1939ರಲ್ಲಿ ಡರ್ಬನ್‌ನಲ್ಲಿ ದಕ್ಷಿಣ ಆಫ್ರಿಕ–ಇಂಗ್ಲೆಂಡ್ ನಡುವಿನ ಕಾಲಮಿತಿಯಿಲ್ಲದ ಟೆಸ್ಟ್ ಮಾರ್ಚ್ 3ರಂದು ಶುರುವಾಗಿ 14ರವರೆಗೂ ಎಳೆಯಿತು. ಕೊನೆಗೆ ಇಂಗ್ಲೆಂಡ್ ತಂಡ ಊರಿಗೆ ಹೋಗುವ ಹಡಗು ಹಿಡಿಯಬೇಕಾದ್ದರಿಂದ ನಿರ್ಣಯವಿಲ್ಲದೆ ನಿಂತಿತು!

ನೀವು ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ನೋಡುವ ಇ-ಸ್ಪೋರ್ಟ್ಸ್‌ಗೂ ಇದೇ ಲೆಕ್ಕ. ವ್ಯಾಲೊರೆಂಟ್‌ನಲ್ಲಿ ಅಂಕವೇ ಆಟವನ್ನು ಮುಗಿಸುತ್ತದೆ: 13 ಸುತ್ತು ಗೆದ್ದವರಿಗೆ ಜಯ, 12–12 ಆದರೆ ಮಾತ್ರ ಎರಡು ಸುತ್ತಿನ ಮುನ್ನಡೆ ಸಿಗುವವರೆಗೆ ಆಟ ಬೆಳೆಯುತ್ತದೆ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಪದಕಕ್ಕಾಗಿ ಆಡಿದ ಡೋಟಾ 2 ಆಟದಲ್ಲಿ ಗಡಿಯಾರವೂ ಇಲ್ಲ, ಅಂಕದ ಗುರಿಯೂ ಇಲ್ಲ. ಎದುರಾಳಿಯ ಕೋಟೆಯ ಮುಖ್ಯ ಕಟ್ಟಡ ಉರುಳಿದಾಗಲೇ ಆಟ ಮುಗಿಯುವುದು. ಇಂಥಲ್ಲಿ ಭವಿಷ್ಯ ಹೇಳುವುದು ಬಲು ಕಷ್ಟ.

ಹಾಗಾದರೆ ಏನು ಮಾಡಬೇಕು? ನಿಮ್ಮ ಕಾಲೇಜಿನ ಪಂದ್ಯಗಳಲ್ಲೇ ಪ್ರಯೋಗ ಮಾಡಿ. ಹತ್ತು ಪಂದ್ಯಗಳ ಅವಧಿಯನ್ನು ನೋಟುಬುಕ್ಕಿನಲ್ಲಿ ಬರೆದಿಡಿ. ಹನ್ನೊಂದನೆಯದಕ್ಕೆ ಒಂದೇ ಸಂಖ್ಯೆ ಹೇಳಬೇಡಿ. ‘ಇಷ್ಟರಿಂದ ಇಷ್ಟು ನಿಮಿಷ’ ಎನ್ನಿ. ಆಟ ಸಾಗಿದಂತೆ ಲೆಕ್ಕವನ್ನು ತಿದ್ದಿ. ವಾಲಿಬಾಲ್‌ನಲ್ಲಿ ಸಮಬಲದ ಒಂದು ತಂಡ 2–0 ಮುಂದಾದರೆ, ಐದನೆಯ ಸೆಟ್ಟಿನ ಸಾಧ್ಯತೆ ಎಂಟರಲ್ಲಿ ಮೂರರಿಂದ ನಾಲ್ಕರಲ್ಲಿ ಒಂದಕ್ಕೆ ಇಳಿಯುತ್ತದೆ. 1–1 ಆದರೆ ಎರಡರಲ್ಲಿ ಒಂದಕ್ಕೆ ಏರುತ್ತದೆ. ಆಗ ಮನೆಗೆ ಫೋನ್ ಮಾಡಿ ‘ತಡವಾದೀತು’ ಎಂದು ಹೇಳಿಬಿಡುವುದೇ ಜಾಣತನ.

ಮುನ್ಸೂಚನೆ ಎಂದರೆ ಕಣಿ ಹೇಳುವುದಲ್ಲ. ಎಷ್ಟು ತಪ್ಪಬಹುದು ಎಂಬುದನ್ನೂ ಸೇರಿಸಿ ಹೇಳುವುದು, ಅದಕ್ಕೆ ತಕ್ಕ ಸಿದ್ಧತೆ ಮಾಡಿಕೊಳ್ಳುವುದು. ಭದ್ರಾವತಿಯ ಆ ದಿನದಿಂದ ನಾನು ಐದು ಸೆಟ್ಟಿಗಾಗುವಷ್ಟು ಬ್ಯಾಟರಿಯ ಜೊತೆಗೆ ಇನ್ನೊಂದನ್ನೂ ಒಯ್ಯುತ್ತೇನೆ. ಎಷ್ಟೋ ಸಲ ಅದು ಬಳಕೆಯಾಗದೆ ಹಿಂದಿರುಗುತ್ತದೆ. ಆದರೆ ಯಾರದೋ ಕೊನೆಯ ಪಾಯಿಂಟ್ ತಪ್ಪಿಹೋಗುವುದಿಲ್ಲ.