ಎರಡನೆಯ ಸೂಜಿ ಏತಕ್ಕೆ?

ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರು ಊರುಗಳ ಯಾವ ಓಣಿಯಲ್ಲಾದರೂ ಒಂದು ಮಾತನ್ನು ನೀವು ಕೇಳಿರಬಹುದು: “ಕೂಸಿಗೆ ಸೂಜಿ ಹಾಕಿಸಿದ್ದೆವು, ಆದರೂ ದಡಾರ ಎದ್ದಿತು. ಮತ್ತೆ ಎರಡನೆಯದು ಯಾಕ್ರಿ?” ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ತರವಲ್ಲ. ಕೇಳಬೇಕಾದ ಪ್ರಶ್ನೆಯೇ ಅದು.

ನಾನು ಪದ್ಯ ಹೇಳಿಕೊಡುವ ಮಾಸ್ತರ. ತರಗತಿಯಲ್ಲಿ ಒಂದು ಕಂದಪದ್ಯ ಓದಿದರೆ ಒಬ್ಬ ಹುಡುಗನಿಗೆ ಒಂದೇ ಸಲಕ್ಕೆ ಬಾಯಿಪಾಠವಾಗುತ್ತದೆ. ಪಕ್ಕದವನಿಗೆ ಇನ್ನೊಮ್ಮೆ ಓದಬೇಕು. ಪದ್ಯವೂ ಅದೇ, ಓದಿದವನೂ ಅವನೇ. ಗ್ರಹಿಸುವ ಬಗೆ ಬೇರೆ. ಲಸಿಕೆಯೂ ದೇಹಕ್ಕೆ ಹೇಳುವ ಪಾಠವೇ.

ಲಸಿಕೆಯಲ್ಲಿರುವ ರೋಗಾಣುವಿನ ತುಣುಕುಗಳನ್ನು ನಮ್ಮ ಜೀವಕೋಶಗಳು ಎತ್ತಿ ಹಿಡಿದು ರಕ್ಷಕ ಕೋಶಗಳಿಗೆ ತೋರಿಸುತ್ತವೆ. ಹಾಗೆ ಹಿಡಿಯುವ ಅಣುಗಳಿಗೆ ಎಚ್.ಎಲ್.ಎ. ಎಂದು ಹೆಸರು. ಅವುಗಳ ಜೀನುಗಳು ಆರನೆಯ ವರ್ಣತಂತುವಿನಲ್ಲಿವೆ. ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬಂದವು. ಮಗುವಿನಿಂದ ಮಗುವಿಗೆ ಅವುಗಳ ಆಕಾರ ಬೇರೆ. ಒಂದರ ಹಿಡಿತದಲ್ಲಿ ತುಣುಕು ಗಟ್ಟಿಯಾಗಿ ಕೂರುತ್ತದೆ, ಇನ್ನೊಂದರಲ್ಲಿ ಸಡಿಲ. ಆಫ್ರಿಕದ ಗ್ಯಾಂಬಿಯ ದೇಶದ ಅವಳಿ ಶಿಶುಗಳನ್ನು ಕುರಿತು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೆಪಟೈಟಿಸ್ ಬಿ ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳಲ್ಲಿ ಮಕ್ಕಳ ನಡುವೆ ಕಂಡ ವ್ಯತ್ಯಾಸದ ಶೇಕಡಾ 77ರಷ್ಟು ಆನುವಂಶಿಕವೆಂದು ಅಂದಾಜು ಮಾಡಿತು; ಧನುರ್ವಾಯುವಿನ ಲಸಿಕೆಯಲ್ಲಿ ಅದು ಶೇಕಡಾ 44.

ಹಾಗೆಂದು ಎಲ್ಲವೂ ಹುಟ್ಟುಗುಣವೆಂದಲ್ಲ. ಗರ್ಭದಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನಲ್ಲಿ ಇನ್ನೂ ಉಳಿದಿದ್ದರೆ ದಡಾರದ ಲಸಿಕೆಯ ಕೆಲಸ ಕುಂದುತ್ತದೆ. ನಮ್ಮ ಸೀಮೆಯ ಬಿಸಿಲಿನಲ್ಲಿ ತಂಪು ತಪ್ಪಿದರೆ ಲಸಿಕೆಯೇ ಕೆಡುತ್ತದೆ. ಒಟ್ಟಿನಲ್ಲಿ, 9 ತಿಂಗಳಲ್ಲಿ ಹಾಕಿದ ಮೊದಲ ಸೂಜಿ 100ರಲ್ಲಿ ಸುಮಾರು 85 ಮಕ್ಕಳಿಗೆ ಫಲ ಕೊಡುತ್ತದೆ. ಉಳಿದ 15 ಮಂದಿ ಯಾರೆಂದು ಮುಖ ನೋಡಿ ಹೇಳಲಾಗದು. ಅದಕ್ಕಾಗಿಯೇ 16ರಿಂದ 24 ತಿಂಗಳೊಳಗೆ ಎಲ್ಲ ಮಕ್ಕಳಿಗೂ ಎರಡನೆಯದು. ಮೊದಲ ಸಲ ಕಲಿಯದವರಲ್ಲಿ ಬಹುಮಂದಿ ಆಗ ಕಲಿಯುತ್ತಾರೆ.

ಆಮೇಲೂ ಕೆಲವರು ಉಳಿಯುತ್ತಾರೆ. ಅವರಿಗೆ ನೆರೆಯ ಮಕ್ಕಳೇ ಕಾವಲು. 100ರಲ್ಲಿ 95 ಮಂದಿಗೆ ರಕ್ಷಣೆ ಇದ್ದರೆ ದಡಾರ ಹಬ್ಬಲು ದಾರಿ ಸಿಗದು.

ಇನ್ನೊಂದು ಮಾತು. ಅಪರೂಪಕ್ಕೆ ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ರೋಗನಿರೋಧ ಶಕ್ತಿ ಇರುವುದಿಲ್ಲ. ಸೋದರಸಂಬಂಧದ ಮದುವೆಗಳಲ್ಲಿ ಈ ಸಂಭವ ಹೆಚ್ಚು. ದುರ್ಬಲಗೊಳಿಸಿದ ಜೀವಂತ ರೋಗಾಣುವಿನ ಲಸಿಕೆ ಅಂಥವರಿಗೆ ಅಪಾಯಕರ. ನಿಮ್ಮ ಮನೆತನದಲ್ಲಿ ಹಸುಗೂಸುಗಳು ಮೇಲಿಂದ ಮೇಲೆ ಸೋಂಕು ತಗಲಿ ತೀರಿಕೊಂಡಿದ್ದರೆ, ಸೂಜಿಗೆ ಮೊದಲೇ ವೈದ್ಯರಿಗೆ ತಿಳಿಸಿ. ಉಳಿದವರು ಹಿಂಜರಿಯಲು ಕಾರಣವಿಲ್ಲ.

ಕೆಲಸ ಅರಸಿ ಬೆಂಗಳೂರಿಗೆ ಗುಳೆ ಹೋಗುವ ಮನೆಗಳಲ್ಲಿ ಎರಡನೆಯ ಸೂಜಿ ತಪ್ಪುವ ಭಯ ಹೆಚ್ಚು. ನಿಮ್ಮ ಓಣಿಯಿಂದ ಯಾರಾದರೂ ಗಂಟು ಕಟ್ಟುತ್ತಿದ್ದರೆ ಒಂದು ಮಾತು ಕೇಳಿ: “ಬುತ್ತಿಯ ಜೊತೆ ತಾಯಿ ಕಾರ್ಡು ಇಟ್ಟುಕೊಂಡೆಯೇನವ್ವ?” ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ಉಳಿದ ಪಾಠವನ್ನು ಪೂರೈಸಬಹುದು.